ಬೆಂಗಳೂರು ಬಿಟ್ಟು ಹೋಗಬೇಕೆಂದಿದ್ದೇವೆ: ನಿಮ್ಮೂರಲ್ಲಿ ಏನು ಇಷ್ಟ, ಏನು ಕಷ್ಟ?

ಕೇಳಿದವರು, ಬೆಂಗಳೂರಿನ ವರ್ತೂರಿನಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಮನೆಯಿಂದಲೇ ಕೆಲಸ ಮಾಡಲು ಒಪ್ಪಿಗೆ ಸಿಕ್ಕಿದೆ. ತಿಂಗಳಿಗೊಮ್ಮೆ ಆಫೀಸಿಗೆ ಬಂದು ಹೋದರೆ ಸಾಕು. ಇಲ್ಲಿಯ ಟ್ಯಾಂಕರ್ ನೀರು, ಟ್ರಾಫಿಕ್ಕು, ಬಾಡಿಗೆ ಮೂರೂ ಸಾಕಾಗಿದೆ. ಬರುವ ಜೂನ್ ಒಳಗೆ ಕರ್ನಾಟಕದಲ್ಲೇ ಬೇರೆ ಊರಿಗೆ ಹೋಗೋಣ ಅಂದುಕೊಂಡಿದ್ದೇವೆ. ಮನೆಯಲ್ಲಿ ಅತ್ತೆ ಮಾವ ಇದ್ದಾರೆ. ಅತ್ತೆಗೆ ಹೃದಯದ ತೊಂದರೆ, ಔಷಧಿ ನಡೆಯುತ್ತಿದೆ. ಮಗಳು ನಾಲ್ಕನೇ ಕ್ಲಾಸು. ಪ್ರವಾಸಿಗಳಿಗೆ ಹೇಳುವ ಮಾತು ಬೇಡ. ಅಲ್ಲೇ ಸಂಸಾರ ಮಾಡುತ್ತಿರುವವರು ನಿಮ್ಮೂರಿನ ಒಳ್ಳೆಯದು, ಕೆಟ್ಟದ್ದು ಎರಡನ್ನೂ ಬಿಚ್ಚಿ ಹೇಳಿ.

ಮೈಸೂರು, ಕುವೆಂಪುನಗರದಿಂದ

ನೋಡಮ್ಮ, ಮನೆಯಲ್ಲಿ ವಯಸ್ಸಾದವರಿದ್ದರೆ ಮೈಸೂರನ್ನು ಮೊದಲು ನೋಡಿ. ನಾನು ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಇಲ್ಲೇ ಉಳಿದವನು. ಇಲ್ಲಿ ಮುದುಕರು ಯಾರ ಹಂಗೂ ಇಲ್ಲದೆ ಒಬ್ಬರೇ ಹೊರಗೆ ಹೋಗಿ ಬರಬಹುದು. ಈ ಊರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಪ್ಲೇಗ್ ಬಂದು ಹೋದ ಮೇಲೆ, 1903ರಲ್ಲಿ, ಊರನ್ನು ಸರಿಮಾಡಲೆಂದೇ ಇಲ್ಲಿ ಒಂದು ಟ್ರಸ್ಟ್ ಬೋರ್ಡ್ ಮಾಡಿದ್ದರು. ಅಗಲ ರಸ್ತೆ, ಮನೆಗಳ ಹಿಂದೆ ಕಸ, ಚರಂಡಿ ಕೆಲಸಕ್ಕೆಂದು ಬಿಟ್ಟ ಕನ್ಸರ್ವೆನ್ಸಿ ಗಲ್ಲಿ, ಗಾಳಿ ಬೆಳಕು ಆಡುವ ಬಡಾವಣೆ, ಇವಕ್ಕೆಲ್ಲ ಆಗ ಬಿದ್ದ ಅಡಿಪಾಯವೇ ಆಧಾರ. ಹಳೆಯ ಬಡಾವಣೆಗಳಲ್ಲಿ ಅದರ ಸುಖವನ್ನು ಇವತ್ತಿಗೂ ಉಣ್ಣುತ್ತಿದ್ದೇವೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಹೋಗಿ ನೋಡಿ. ಕೋಲು ಹಿಡಿದು ನಡೆಯುವವರು ಎಷ್ಟು ಜನ ಸಿಗುತ್ತಾರೆ!

ನಿಮ್ಮ ಅತ್ತೆಯವರ ವಿಷಯಕ್ಕೂ ಧೈರ್ಯವಾಗಿರಬಹುದು. ಕೆಆರ್‌ಎಸ್ ರಸ್ತೆಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. ಬೆಂಗಳೂರಿಗೆ ರೈಲಿಗೂ ಬಸ್ಸಿಗೂ ಬರವಿಲ್ಲ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಕಾರಿನಲ್ಲಿ ಹೋಗುವುದೂ ಸಲೀಸು. ಟೋಲ್ ಮಾತ್ರ ಕೈ ಕಚ್ಚುತ್ತದೆ. ಅದರ ಮುಖ್ಯ ರಸ್ತೆಗೆ ಬೈಕು, ಸ್ಕೂಟರ್ ಬಿಡುವುದಿಲ್ಲ.

ಕಷ್ಟ ಏನು ಅಂದರೆ, ಬೇಕಾದ ಹಳೆಯ ಬಡಾವಣೆಯಲ್ಲಿ ಮನೆ ಸಿಗುವುದಿಲ್ಲ. ಸಿಕ್ಕರೂ ಮೊದಲಿನ ಬಾಡಿಗೆ ಇಲ್ಲ. ಹಾಗಾಗಿ ಬ್ರೋಕರ್‌ಗಳು ರಿಂಗ್ ರಸ್ತೆಯಾಚೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಹುಷಾರು. ಎಷ್ಟೋ ಖಾಸಗಿ ಬಡಾವಣೆಗಳಿಗೆ ಹೊಳೆ ನೀರು ಬಂದಿಲ್ಲ, ಬೋರ್‌ವೆಲ್ಲೇ ಗತಿ. ಒಳಚರಂಡಿ ಎಲ್ಲಿಗೆ ಸೇರುತ್ತದೆ ಎಂದು ಕೇಳಿದರೆ ಯಾರೂ ನೇರವಾಗಿ ಉತ್ತರ ಕೊಡುವುದಿಲ್ಲ. ಹಳೇ ಉಂಡುವಾಡಿಯಿಂದ ಕಾವೇರಿ ನೀರು ತರುವ ಯೋಜನೆಯ ಹೆಸರನ್ನು ನಾವೂ ವರ್ಷಗಳಿಂದ ಕೇಳುತ್ತಾ ಬಂದಿದ್ದೇವೆ. ಇನ್ನು ವಿದ್ಯಾರಣ್ಯಪುರಂ ಕಡೆ ಮನೆ ನೋಡುವುದಾದರೆ ಸಂಜೆ ಹೊತ್ತಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ನೋಡಿ. ಅಲ್ಲಿ ಊರಿನ ಕಸ ಸುರಿಯುವ ಜಾಗ ಇದೆ. ಗಾಳಿ ತಿರುಗಿದಾಗ ವಾಸನೆ ಮನೆಯೊಳಗೇ ಬರುತ್ತದೆ.

ಮೈಸೂರು, ಹೆಬ್ಬಾಳದಿಂದ

ಮೇಲಿನ ಹಿರಿಯರ ಮಾತು ನಿಜ. ಆದರೆ ನನ್ನ ವಯಸ್ಸಿನವರ ಮಾತನ್ನೂ ಕೇಳಿ. ನಾನು ಇಲ್ಲೇ ಹುಟ್ಟಿ ಬೆಳೆದವಳು, ಇಂಜಿನಿಯರಿಂಗ್ ಮುಗಿಸಿದ್ದೇನೆ. ನಮ್ಮ ಕ್ಲಾಸಿನಲ್ಲಿ ಮೈಸೂರಲ್ಲೇ ಉಳಿದವರು ಬೆರಳೆಣಿಕೆಯಷ್ಟು. ಕಂಪನಿಗಳಿವೆ, ಆದರೆ ಒಂದು ಕೆಲಸ ಬಿಟ್ಟರೆ ಇನ್ನೊಂದು ಇದೇ ಊರಲ್ಲಿ ಸಿಗುತ್ತದೆ ಎಂಬ ನಂಬಿಕೆ ಇಲ್ಲ. ಮೇಡಂ, ನಿಮ್ಮೆಜಮಾನ್ರ ಕಂಪನಿ ನಾಳೆ "ವಾರಕ್ಕೆ ಮೂರು ದಿನ ಆಫೀಸಿಗೆ ಬನ್ನಿ" ಅಂದರೆ ಏನು ಮಾಡುತ್ತೀರಿ? ಅದನ್ನು ಈಗಲೇ ಯೋಚಿಸಿ. ಆ ದೃಷ್ಟಿಯಿಂದ ಮೈಸೂರೇ ಸುರಕ್ಷಿತ. ಎರಡು ಮೂರು ಗಂಟೆಯ ದಾರಿ, ಹೇಗೋ ಓಡಾಡಬಹುದು. ಮಂಗಳೂರು, ಕಲಬುರಗಿಯಿಂದ ಅದು ಆಗದ ಮಾತು.

ದಸರೆಯ ಹತ್ತು ದಿನ ಅರಮನೆ ಸುತ್ತಮುತ್ತ ಹೋಗಲೇಬೇಡಿ. ರಸ್ತೆಗಳನ್ನೆಲ್ಲ ಒನ್‌ವೇ ಮಾಡಿಬಿಡುತ್ತಾರೆ. ಆದರೂ ದೀಪಾಲಂಕಾರ ನೋಡದೆ ನನಗೆ ಇರಲಾಗದು.

ಧಾರವಾಡ, ಮಾಳಮಡ್ಡಿಯಿಂದ

ಅಕ್ಕಾರೆ, ಮಗಳು ಸಣ್ಣವಳು ಅಂದಿರಿ. ಹಾಗಿದ್ದರೆ ಧಾರವಾಡವನ್ನು ಬಿಡಬೇಡಿ. ಇಲ್ಲಿ ಮಕ್ಕಳು ಹಾಡು, ನಾಟಕ, ಪುಸ್ತಕದ ನಡುವೆ ಬೆಳೆಯುತ್ತಾರೆ. ಅದಕ್ಕೆ ದೊಡ್ಡ ಫೀ ಕಟ್ಟಬೇಕಾಗಿಲ್ಲ. ಮಲ್ಲಿಕಾರ್ಜುನ ಮನ್ಸೂರರು ಇದ್ದ ಊರು ಇದು, ಗಂಗೂಬಾಯಿ ಹಾನಗಲ್ ಪಕ್ಕದ ಹುಬ್ಬಳ್ಳಿಯಲ್ಲಿದ್ದರು. ಇಂದಿಗೂ ಸಂಗೀತ ಕಚೇರಿಗೆ ಹೋದರೆ ಟಿಕೆಟ್ ಇಲ್ಲದೆ ಕೂತು ಕೇಳಬಹುದು, ಪಕ್ಕದಲ್ಲಿ ಕೂತ ಅಜ್ಜ ರಾಗದ ಹೆಸರು ಹೇಳುತ್ತಾರೆ. ವಿದ್ಯಾವರ್ಧಕ ಸಂಘದಲ್ಲಿ ಏನಾದರೊಂದು ಕಾರ್ಯಕ್ರಮ ನಡೆದೇ ಇರುತ್ತದೆ. 1890ರಿಂದ ಇರುವ ಸಂಸ್ಥೆ ಅದು. ನಮ್ಮ ಮನೆಗೆ ಬಂದ ಬೆಂಗಳೂರಿನ ನೆಂಟರು "ಇಷ್ಟು ಹೊತ್ತು ಕೂತು ಮಾತಾಡಲು ನಿಮಗೆ ಪುರುಸೊತ್ತು ಎಲ್ಲಿಂದ ಬರುತ್ತದೆ" ಎಂದು ಕೇಳುತ್ತಾರೆ. ಇಲ್ಲಿ ಮಂದಿಗೆ ಒಬ್ಬರಿಗೊಬ್ಬರು ಬೇಕು, ಅದಕ್ಕೇ ಪುರುಸೊತ್ತು ಸಿಗುತ್ತದೆ.

ಈಗ ಕಷ್ಟಕ್ಕೆ ಬರುತ್ತೇನೆ. ನೀರು. ಇದನ್ನು ಮುಚ್ಚಿಟ್ಟು ಯಾರಾದರೂ ಧಾರವಾಡವನ್ನು ಹೊಗಳಿದರೆ ನಂಬಬೇಡಿ. ಮಲಪ್ರಭೆಯ ನೀರು ಪೈಪಿನಲ್ಲಿ ಬರುತ್ತದೆ, ಆದರೆ ದಿನಾ ಅಲ್ಲ. ನಾಲ್ಕೈದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ವಾರಕ್ಕೊಮ್ಮೆ. ನೀರು ಬರುವ ದಿನ ನೋಡಿಕೊಂಡು ನಾವು ಊರಿಗೆ ಹೋಗುವುದನ್ನು ಮುಂದೂಡುತ್ತೇವೆ. 2008ರಲ್ಲಿ ಹುಬ್ಬಳ್ಳಿ ಧಾರವಾಡದ ಕೆಲವು ವಾರ್ಡುಗಳಿಗೆ ದಿನದ 24 ಗಂಟೆ ನೀರು ಬಿಟ್ಟು ತೋರಿಸಿದರು. ಬೆಳಗಾವಿ, ಕಲಬುರಗಿಯಲ್ಲೂ ಹಾಗೇ ಮಾಡಿದರು. ಆಗುತ್ತದೆ ಎಂದು ಅಂದೇ ಗೊತ್ತಾಯಿತು. ಇಷ್ಟು ವರ್ಷವಾದರೂ ಅದು ಇಡೀ ಊರಿಗೆ ಬಂದಿಲ್ಲವಲ್ಲ ಎಂದು ನನಗೆ ಭಾಳ ಸಿಟ್ಟಿದೆ. ಒಂದೇ ರಸ್ತೆಯ ಈ ಕಡೆ ಸದಾ ನೀರು, ಆ ಕಡೆ ಬ್ಯಾರಲ್ ತುಂಬಿಸುವ ಹೆಂಗಸರು. ಇದು ನ್ಯಾಯವಾ?

ಚಿಗರಿ ಬಸ್ಸು ಒಳ್ಳೆಯದು. ಎಸಿ ಇದೆ, ಅದಕ್ಕೆಂದೇ ಪ್ರತ್ಯೇಕ ದಾರಿ ಇದೆ, ಹುಬ್ಬಳ್ಳಿಗೆ ಹೋಗಿ ಬರುವುದು ಸುಲಭವಾಗಿದೆ. ಆದರೆ ಬಸ್ಸುಗಳು ಹಳತಾಗುತ್ತಿವೆ, ರಿಪೇರಿ ನೋಡುವವರಿಲ್ಲ. ದೊಡ್ಡ ಆಸ್ಪತ್ರೆ ಎಂದರೆ ಎರಡು ಊರಿನ ನಡುವೆ ಸತ್ತೂರಿನಲ್ಲಿ ಒಂದಿದೆ, ಹುಬ್ಬಳ್ಳಿಯಲ್ಲಿ ಕಿಮ್ಸ್ ಎಂದೇ ಜನ ಕರೆಯುವ ಸರ್ಕಾರಿ ಆಸ್ಪತ್ರೆ ಇದೆ. ಬೆಂಗಳೂರಿಗೆ 2023ರಿಂದ ವಂದೇ ಭಾರತ್ ರೈಲೂ ಇದೆ.

ಸಪ್ತಾಪುರದಲ್ಲಿ ಮನೆ ನೋಡಬೇಡಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಂದ ಹುಡುಗ ಹುಡುಗಿಯರಿಂದ ಆ ಕಡೆ ತುಂಬಿ ಹೋಗಿದೆ, ಬಾಡಿಗೆ ಅದಕ್ಕೇ ಏರಿದೆ. ಆ ಮಕ್ಕಳ ಬಗ್ಗೆ ನನಗೆ ಪ್ರೀತಿಯೇ ಇದೆ. ದೂರದ ಹಳ್ಳಿಗಳಿಂದ ಬಂದು ಒಂದು ರೂಮಿನಲ್ಲಿ ನಾಲ್ಕು ಜನ ಇದ್ದು ಓದುತ್ತಾರೆ. ಸಂಸಾರಕ್ಕೆ ಮಾತ್ರ ಆ ಜಾಗ ಇಕ್ಕಟ್ಟು.

ಮಂಗಳೂರು, ಕದ್ರಿಯಿಂದ

ನನ್ನ ಗಂಡನ ಮನೆ ಇದು, ತವರು ತುಮಕೂರು. ಹಾಗಾಗಿ ಹೊರಗಿನಿಂದ ಬಂದವಳ ಕಣ್ಣಲ್ಲೇ ಹೇಳುತ್ತೇನೆ.

ಆಸ್ಪತ್ರೆ ಮತ್ತು ಶಾಲೆ, ಇವೆರಡರಲ್ಲಿ ಮಂಗಳೂರಿಗೆ ಸರಿಸಾಟಿ ಕಡಿಮೆ. ಸರ್ಕಾರಿ ವೆನ್ಲಾಕ್ ಆಸ್ಪತ್ರೆ 1848ರಿಂದ ಇದೆ. ಮೆಡಿಕಲ್ ಕಾಲೇಜುಗಳು ಒಂದರ ಪಕ್ಕ ಒಂದು ಇವೆ. ರಾತ್ರಿ ಹನ್ನೆರಡಕ್ಕೆ ಎದೆನೋವು ಬಂದರೂ ಎಲ್ಲಿಗೆ ಓಡುವುದು ಎಂಬ ಭಯ ಇಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಓದಿನ ಒತ್ತಡವೂ ಅಷ್ಟೇ ಇರುತ್ತದೆ, ಅದನ್ನೂ ಹೇಳಬೇಕಲ್ವಾ? ಸಿಟಿ ಬಸ್ಸುಗಳು ಖಾಸಗಿಯವು. ಒಂದು ಹೋದರೆ ಹಿಂದೆಯೇ ಇನ್ನೊಂದು. ಕಂಡಕ್ಟರಿಗೆ ಎಲ್ಲಿ ಇಳಿಯಬೇಕು ಅಂದರೆ ನೆನಪಿಟ್ಟು ಇಳಿಸುತ್ತಾನೆ. ಆದರೆ ಡ್ರೈವರುಗಳ ವೇಗಕ್ಕೆ ನನ್ನ ಅತ್ತೆ ಇನ್ನೂ ಹೆದರುತ್ತಾರೆ.

ಕಷ್ಟ ಎಂದರೆ ಹವೆ. ಮಾರ್ಚಿನಿಂದ ಮೇ ತನಕ ಸ್ನಾನ ಮಾಡಿ ಬಂದ ಹತ್ತು ನಿಮಿಷಕ್ಕೆ ಬೆವರು. ಜೂನ್ ಬಂದರೆ ಮಳೆ, ಅದು ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಬಟ್ಟೆ ಒಣಗುವುದಿಲ್ಲ. ಚಪ್ಪಲಿ, ಬೆಲ್ಟು, ಬೀರುವಿನೊಳಗಿನ ರೇಷ್ಮೆ ಸೀರೆ ಎಲ್ಲಕ್ಕೂ ಬೂಷ್ಟು. ಇಷ್ಟು ಮಳೆ ಸುರಿಯುವ ಊರಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ತುಂಬೆ ಅಣೆಕಟ್ಟಿನ ನೀರು ಇಳಿದು ರೇಷನ್ ಆದ ವರ್ಷಗಳೂ ಇವೆ. ಬಾವಿ ಇರುವ ಮನೆ ಸಿಕ್ಕರೆ ಬಿಡಬೇಡಿ.

ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗುವುದಿದೆಯಲ್ಲ, ಮಳೆಗಾಲದಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ರಸ್ತೆ ಬಂದ್. 2024ರ ಜುಲೈ ಕೊನೆಯಲ್ಲಿ ಎಡಕುಮರಿ ಹತ್ತಿರ ಹಳಿಯ ಕೆಳಗಿನ ಮಣ್ಣೇ ಜಾರಿ ರೈಲು ಕೂಡ ಎಷ್ಟೋ ದಿನ ನಿಂತಿತ್ತು.

ಭಾಷೆಯ ಬಗ್ಗೆ ಹೆದರಿಕೆ ಬೇಡ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವವರು ನಿಮ್ಮ ಜೊತೆ ಕನ್ನಡಕ್ಕೆ ತಿರುಗುತ್ತಾರೆ. ಆದರೆ ತುಳು ಕಲಿಯಲು ಮನಸ್ಸು ಮಾಡಿ. "ಊಟ ಆಯ್ತಾ" ಎನ್ನುವುದನ್ನು "ವಣಸ್ ಆಂಡಾ" ಅಂತ ಕೇಳಿದ ದಿನದಿಂದ ನಮ್ಮ ಬೀದಿಯಲ್ಲಿ ನಾನು ಹೊರಗಿನವಳಾಗಿ ಉಳಿಯಲಿಲ್ಲ. ನನಗೆ ಬೇಸರ ತರುವ ಸಂಗತಿ ಒಂದೇ. ಆಗೀಗ ಕೋಮುಗಲಾಟೆಯ ಸುದ್ದಿ ಬರುತ್ತದೆ. ಒಂದೇ ಮಾರ್ಕೆಟ್ಟಿನಲ್ಲಿ ಮೀನು, ತರಕಾರಿ, ಹೂ ಮಾರಿ ಬದುಕುವ ಜನ ಅಂಥ ದಿನಗಳಲ್ಲಿ ಅಂಗಡಿ ಮುಚ್ಚಿ ಮನೆಯಲ್ಲಿ ಕೂರಬೇಕಾಗುತ್ತದೆ. ಪ್ರೀತಿಸುವ ಊರಾದ್ದರಿಂದ ಇದು ಜಾಸ್ತಿ ನೋಯಿಸುತ್ತದೆ.

ದಾವಣಗೆರೆಯಿಂದ

ನಮ್ಮೂರಿನ ಹೆಸರನ್ನೂ ಪಟ್ಟಿಯಲ್ಲಿ ಇಟ್ಟುಕೊಳ್ಳಿ. ರಾಜ್ಯದ ಮಧ್ಯದಲ್ಲಿದೆ, ಯಾವ ಕಡೆಗೂ ದೂರ ಅನ್ನಿಸುವುದಿಲ್ಲ. ಖರ್ಚು ಕಡಿಮೆ, ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಸಂಜೆ ಮಂಡಕ್ಕಿ ಮಿರ್ಚಿ ತಿನ್ನುತ್ತಾ ನಿಂತರೆ ಅರ್ಧ ಊರು ಪರಿಚಯವಾಗುತ್ತದೆ. ಬಿಸಿಲು ಜೋರು. ನೆರಳು ಕೊಡುವ ಮರ ಸಾಲದು.

ಶಿವಮೊಗ್ಗದಿಂದ

ತುಂಗೆ ಊರೊಳಗೇ ಹರಿಯುತ್ತಾಳೆ. ನಮ್ಮ ಬೀದಿಯಲ್ಲಿ ಯಾರ ಮನೆಗೂ ಟ್ಯಾಂಕರ್ ಬಂದಿದ್ದನ್ನು ನಾನು ಕಂಡಿಲ್ಲ. ಅರ್ಧ ಗಂಟೆ ಹೋದರೆ ಕಾಡು, ಸಕ್ರೆಬೈಲಿನ ಆನೆಗಳು. ಮಗುವಿಗೆ ಇದಕ್ಕಿಂತ ಏನು ಬೇಕು? ಬೆಂಗಳೂರಿಗೆ ಜನಶತಾಬ್ದಿ ರೈಲಿದೆ, 2023ರಿಂದ ವಿಮಾನ ನಿಲ್ದಾಣವೂ ಇದೆ. ಕಷ್ಟಗಳು ಎರಡು. ಆಪರೇಷನ್ ಎಂದರೆ ನಮ್ಮವರೇ ಎಷ್ಟೋ ಜನ ಮಣಿಪಾಲಕ್ಕೋ ಬೆಂಗಳೂರಿಗೋ ಹೊರಡುತ್ತಾರೆ. ಆಗುಂಬೆ ಘಾಟಿ ಇಳಿದು ಹೋಗುವ ದಾರಿ ಹೃದಯದ ರೋಗಿಗೆ ಸುಲಭವಲ್ಲ. ಮತ್ತೆ, ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಕರೆಂಟು ಹೋಗುತ್ತದೆ. ಮನೆಯಲ್ಲೇ ಕೂತು ಕೆಲಸ ಮಾಡುವವರಿಗೆ ಯುಪಿಎಸ್ ಇಲ್ಲದೆ ಆಗದು.

ಕಲಬುರಗಿಯಿಂದ

ಮೈಸೂರಿನವರು ನಮ್ಮೂರಿನ ಹೆಸರೆತ್ತಿ "ಆಗದ ಮಾತು" ಅಂದುಬಿಟ್ಟರು, ಅದಕ್ಕೇ ಬರೆಯುತ್ತಿದ್ದೇನೆ. ಹೌದು, ಬಿಸಿಲು ಸುಡುತ್ತದೆ. ಮೇ ತಿಂಗಳಲ್ಲಿ 42, 43 ಡಿಗ್ರಿ ಮಾಮೂಲು. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಮುಚ್ಚುತ್ತವೆ. ಶಾಲಾ ಫಲಿತಾಂಶದಲ್ಲಿ ನಾವು ಹಿಂದೆ ಇದ್ದೇವೆ, ಅದೂ ನಿಜ.

ಆದರೆ ನಿಮ್ಮ ಅತ್ತೆಯವರಂಥವರಿಗೆ ಇಲ್ಲೂ ಈಗ ಜಯದೇವ ಆಸ್ಪತ್ರೆ ಇದೆ. ಮೊದಲೆಲ್ಲ ನಾವು ಎದೆನೋವು ಬಂದವರನ್ನು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಒಯ್ಯುತ್ತಿದ್ದೆವು. ಹೋಳಿಯಾದ ಮೇಲೆ ಶರಣಬಸವೇಶ್ವರ ಜಾತ್ರೆಗೆ ಬನ್ನಿ, ಬಂದೇನವಾಜ್ ದರ್ಗಾದ ಉರುಸಿಗೂ ಬನ್ನಿ. ಎರಡೂ ಕಡೆ ಅದೇ ಜನ ಕಾಣುತ್ತಾರೆ. ನಾನು ಈ ಊರಲ್ಲಿ ಉಳಿಯಲು ಅದು ಒಂದು ಕಾರಣ. ಇನ್ನೊಂದು, ಊಟ. ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಲೆ, ಶೇಂಗಾ ಹಿಂಡಿ ಇಟ್ಟು "ಇನ್ನೊಂದು ಹಾಕಿಸಿಕೊಳ್ರಿ" ಎಂದು ನಿಂತು ಬಡಿಸುತ್ತಾರೆ. ನಿಮಗೆ ಹೊಂದುವ ಊರು ಅಲ್ಲದಿರಬಹುದು. ಬಾಳಲಾಗದ ಊರಂತೂ ಅಲ್ಲ.

ಬೆಂಗಳೂರು, ರಾಜಾಜಿನಗರದಿಂದ

ಒಂದು ಮಾತು. ನಿಮಗೆ ಸಾಕಾಗಿರುವುದು ಬೆಂಗಳೂರಾ, ವರ್ತೂರಾ? 2024ರ ಬೇಸಿಗೆಯಲ್ಲಿ ನಿಮ್ಮ ಕಡೆ ಟ್ಯಾಂಕರಿಗೆ ಕಾದಾಗ ನಮ್ಮ ಮನೆಗೆ ಕಾವೇರಿ ನೀರು ಬರುತ್ತಿತ್ತು. ಮೆಟ್ರೋ ಮನೆ ಹತ್ತಿರ, ಆಸ್ಪತ್ರೆ ಹತ್ತಿರ, ಸಂಪಿಗೆ ರಸ್ತೆಯ ಮಾರ್ಕೆಟ್ಟಿಗೆ ಹೋದರೆ ಕನ್ನಡದಲ್ಲೇ ಎಲ್ಲ ವ್ಯವಹಾರ. ಬಾಡಿಗೆ ಇಲ್ಲೂ ಕಡಿಮೆಯಲ್ಲ. ಆದರೆ ಊರು ಬಿಡುವ ಮೊದಲು ಪಶ್ಚಿಮದ ಹಳೆಯ ಬಡಾವಣೆಗಳನ್ನು ಒಮ್ಮೆ ನೋಡಿ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಓದಿ ಹೇಳಿದಾಗ ಮಾವನವರಿಗೆ ಮೈಸೂರು ಹಿಡಿಸಿತು, ನನಗೆ ಧಾರವಾಡ. ಎರಡೂ ಊರಿಗೆ ಹೋಗಿ ಮನೆ ನೋಡುತ್ತೇವೆ. ಬಾಡಿಗೆ ಮನೆಯಲ್ಲಿ ನೀರಿನ ಬಗ್ಗೆ ಏನೇನು ಕೇಳಬೇಕು?

ಧಾರವಾಡ, ಮಾಳಮಡ್ಡಿಯಿಂದ

ಓನರನ್ನು ಕೇಳುವುದಕ್ಕಿಂತ ಎದುರು ಮನೆಯವರನ್ನು ಕೇಳಿ, ಕಳೆದ ಸಲ ನೀರು ಯಾವಾಗ ಬಂದಿತ್ತು, ಎಷ್ಟು ಹೊತ್ತು ಬಂತು ಎಂದು. ನೆಲದ ಕೆಳಗೆ ಸಂಪ್ ಇದೆಯಾ, ಎಷ್ಟು ಲೀಟರ್ ಹಿಡಿಯುತ್ತದೆ, ಅದು ನಿಮಗೊಬ್ಬರಿಗೇನಾ ಅಥವಾ ಮೂರು ಮನೆಗೆ ಸೇರಿಯಾ, ಇದನ್ನು ಬಾಡಿಗೆ ಪತ್ರದಲ್ಲೇ ಬರೆಸಿ. ಐದು ಜನರ ಮನೆಗೆ ವಾರದ ನೀರು ನಿಲ್ಲುವಷ್ಟು ಸಂಪ್ ಇಲ್ಲದಿದ್ದರೆ ಆ ಮನೆ ಬೇಡ. ಬೋರ್‌ವೆಲ್ ಇದೆ ಅಂದರೆ ಮೇ ತಿಂಗಳಲ್ಲೂ ನೀರು ಏಳುತ್ತದಾ ಎಂದು ಕೇಳಿ. ರಾತ್ರಿ ಎರಡಕ್ಕೆ ನೀರು ಬಿಟ್ಟರೆ ವಾಲ್ವ್ ತಿರುಗಿಸುವವರು ಯಾರು ಎನ್ನುವುದನ್ನೂ ಮೊದಲೇ ಮಾತಾಡಿಕೊಳ್ಳಿ. ಮಾಳಮಡ್ಡಿ ಕಡೆ ಬರುವುದಾದರೆ ಹೇಳಿ, ನಾನೂ ಜೊತೆಗೆ ಬಂದು ನೋಡುತ್ತೇನೆ.