ಗ್ಯಾರೇಜ್ ಪ್ರೆಸ್ಸಿನಲ್ಲಿ ತೊಗಲಿನ ಕೆಲಸ: ಕೇಳಿದ್ದು, ಹೇಳಿದ್ದು

ಪ್ರಶ್ನೆ, ಬಳ್ಳಾರಿಯಿಂದ: ಅಣ್ಣಾರೆ, ನಮಸ್ಕಾರ. ನಮ್ಮದು ಚಿಕ್ಕ ಜೀನ್ಸ್ ಯೂನಿಟ್. ಪ್ಯಾಂಟಿನ ಹಿಂದೆ ಸೊಂಟಪಟ್ಟಿಗೆ ಹೊಲಿಯುವ ತೊಗಲಿನ ಪ್ಯಾಚ್ ಇದುವರೆಗೆ ಹೊರಗಿಂದ ತರಿಸುತ್ತಿದ್ದೆವು. ಈಗ ನಾವೇ ಮಾಡೋಣ ಅಂತ. ಮಾವನ ಗ್ಯಾರೇಜಿನಲ್ಲಿ ಬೇರಿಂಗ್ ಕೂರಿಸುವ 20 ಟನ್ನಿನ ಹೈಡ್ರಾಲಿಕ್ ಪ್ರೆಸ್ ಸುಮ್ನೆ ನಿಂತಿದೆ. ಅದರಲ್ಲೇ ಕತ್ತರಿಸಿ, ಹೆಸರೂ ಒತ್ತಬಹುದಾ? ಒತ್ತಿ ನೋಡಿದೆವು. ನಡುವೆ ಚೆನ್ನಾಗಿ ಮೂಡಿತು, ಅಂಚಿನಲ್ಲಿ ಅಕ್ಷರವೇ ಇಲ್ಲ. ಟನ್ ಸಾಲುತ್ತಿಲ್ವಾ?

ಉತ್ತರ, ಕೊಪ್ಪಳದ ತೊಗಲು ಕೆಲಸಗಾರ: ಟನ್ ಜಾಸ್ತಿಯೇ ಆಯ್ತು ತಮ್ಮಾ. ಲೆಕ್ಕ ಹಾಕಿ ನೋಡಿ. ಪ್ಯಾಚ್ 8 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ ಅಂದರೆ 40 ಚದರ ಸೆಂ.ಮೀ. 20 ಟನ್ ಪೂರ್ತಿ ಹಾಕಿದರೆ ಒಂದು ಚದರ ಸೆಂ.ಮೀ. ಮೇಲೆ 500 ಕೆಜಿ ಬೀಳುತ್ತದೆ. ತೊಗಲಿಗೆ ಅಷ್ಟು ಬೇಡವೇ ಬೇಡ. ಹಲಗೆಯಂತೆ ಬಿರುಸಾಗುತ್ತದೆ.

ತೊಂದರೆ ಇರುವುದು ಒತ್ತಡ ಹರಡುವುದರಲ್ಲಿ. ಈ ಪ್ರೆಸ್ ಮಾಡಿರುವುದು ಬೇರಿಂಗ್ ತಳ್ಳಲಿಕ್ಕೆ. ಮೇಲಿನ ರ‍್ಯಾಮ್ (ಒತ್ತುವ ದಂಡ) ಸಣ್ಣದು, ಕೆಳಗೆ ಎರಡು ಚಾನಲ್ (ಕಬ್ಬಿಣದ ತೊಲೆ), ನಡುವೆ ಖಾಲಿ ಜಾಗ. ನೀವು ತೆಳು ಪ್ಲೇಟ್ ಇಟ್ಟಿರುತ್ತೀರಿ. ರ‍್ಯಾಮ್ ನಡುವಿಗೆ ಒತ್ತಿದಾಗ ಆ ಪ್ಲೇಟ್ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅಂಚು ಎದ್ದು ನಿಲ್ಲುತ್ತದೆ. ಅಲ್ಲಿ ಅಕ್ಷರ ಮೂಡುವುದಾದರೂ ಹೇಗೆ?

ಲೇತ್ ಅಂಗಡಿಗೆ ಹೋಗಿ 25 ಎಂ.ಎಂ. ದಪ್ಪದ ಎಂ.ಎಸ್. (ಮೆದು ಉಕ್ಕಿನ) ಪ್ಲೇಟ್ ಎರಡು ತನ್ನಿ. ಒಂದು ಆ ಎರಡು ಚಾನಲ್ ಮೇಲೆ ಕೂರಲಿ, ಇನ್ನೊಂದು ಡೈ (ಕತ್ತರಿಸುವ ಅಥವಾ ಅಕ್ಷರ ಒತ್ತುವ ಅಚ್ಚು) ಮೇಲೆ. ಎರಡಕ್ಕೂ ಮೇಲ್ಮೈ ಗ್ರೈಂಡಿಂಗ್ ಮಾಡಿಸಿ. ಗುಜರಿಯಲ್ಲಿ ಸಿಕ್ಕ ಪ್ಲೇಟ್ ಆದರೂ ನಡೆಯುತ್ತದೆ, ಆದರೆ ಸೊಟ್ಟ ಇರಬಾರದು. ಪ್ರೆಸ್ ಜೊತೆ ಬರುವ ಬೀಡಿನ ಕಟ್ಟೆಗಳನ್ನು ನಂಬಬೇಡಿ. ಅವು ಬಾಗುವುದಿಲ್ಲ, ಒತ್ತಡ ತಡೆಯದೆ ಚೂರಾಗಿ ಸಿಡಿಯಬಹುದು.

ಕತ್ತರಿಸುವಾಗ ಕೆಳಗಿಂದ ಮೇಲಕ್ಕೆ ಹೀಗೆ ಜೋಡಿಸಿ: ಪ್ಲೇಟ್, ಅದರ ಮೇಲೆ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಅಥವಾ ನೈಲಾನ್ ಹಲಗೆ, ತೊಗಲಿನ ನುಣುಪು ಮುಖ ಮೇಲೆ, ಬಾಯಿ ಕೆಳಗಾಗಿ ಡೈ, ಮತ್ತೆ ಪ್ಲೇಟ್. ಡೈ ಸರಿಯಾಗಿ ರ‍್ಯಾಮಿನ ಕೆಳಗೆ, ನಟ್ಟನಡುವೆ ಇರಬೇಕು. ಪಕ್ಕಕ್ಕೆ ಸರಿದರೆ ಸೊಟ್ಟ ಕತ್ತರಿಸುವುದು ಹಾಗಿರಲಿ, ಡೈ ಹೊರಗೆ ಹಾರುತ್ತದೆ. ಮುಂದೆ ಪಾಲಿಕಾರ್ಬೊನೇಟ್ (ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್) ಹಾಳೆ ಒಂದು ಕಟ್ಟಿ. ಪಂಪ್ ಹೊಡೆಯುವವನ ಕೈ ಬಿಟ್ಟು ಬೇರೆಯವರ ಕೈ ಹತ್ತಿರ ಬರಬಾರದು. ಮಕ್ಕಳಂತೂ ಬೇಡವೇ ಬೇಡ.

ತೊಗಲು ಕತ್ತರಿಸಿದ್ದು ಕೈಗೆ ಗೊತ್ತಾಗುತ್ತದೆ. ಪಂಪಿನ ಹಿಡಿ ಇದ್ದಕ್ಕಿದ್ದಂತೆ ಗಟ್ಟಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಮುಂದೆ ಹೊಡೆದರೆ ಹಲಗೆಗೆ ಗೀರು ಬೀಳುತ್ತದೆ, ಬ್ಲೇಡ್ ಮೊಂಡಾಗುತ್ತದೆ. ಹಲಗೆಯನ್ನು ಆಗಾಗ ತಿರುಗಿಸಿ, ಒಂದೇ ಗೆರೆಯ ಮೇಲೆ ಡೈ ಬೀಳದ ಹಾಗೆ.

ಅದೇ ಪ್ರಶ್ನೆಗಾರರು: ಪ್ಲೇಟ್ ಆಯ್ತು. ಆದರೆ ಒತ್ತಿದ ಅಕ್ಷರ ಮರುದಿನ ಮಾಸುತ್ತದೆ. ತೊಗಲಿಗೆ ನೀರು ಹಚ್ಚಿದ್ದೆವು.

ಉತ್ತರ: ನಿಮ್ಮ ಹತ್ತಿರ ಇರುವುದು ಕ್ರೋಮ್ ತೊಗಲು, ಅಂದರೆ ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು ಇರಬೇಕು. ಕತ್ತರಿಸಿದ ಅಂಚು ನೋಡಿ. ಒಳಗೆ ಬೂದು ನೀಲಿ ಇದ್ದರೆ ಬಹುತೇಕ ಕ್ರೋಮ್. ಮೇಲಿಂದ ಕೆಳಗಿನವರೆಗೆ ಒಂದೇ ಕಂದು ಬಣ್ಣ ಇದ್ದರೆ ಬಹುತೇಕ ಮರದ ಚಕ್ಕೆ ಹಾಕಿ ಹದ ಮಾಡಿದ್ದು. ನಮ್ಮ ಕಡೆ ಹಿಂದೆ ತಂಗಡಿ ಚಕ್ಕೆಯಲ್ಲಿ ಹದ ಮಾಡುತ್ತಿದ್ದರು. ಮಳಿಗೆಯವರು ಇದಕ್ಕೆ ವೆಜ್ ಟ್ಯಾನ್ ಅಂತಾರೆ. ನೀರು ಹಚ್ಚಿ ತಣ್ಣಗೆ ಒತ್ತಿದರೆ ಅಕ್ಷರ ನಿಲ್ಲುವುದು ಇದರಲ್ಲೇ. ಕ್ರೋಮಿಗೆ ಕಾಯಿಸಿದ ಪ್ಲೇಟ್ ಬೇಕು, ಅಷ್ಟಾದರೂ ಇಷ್ಟು ಚೊಕ್ಕಟವಾಗಿ ಬರಲ್ಲ.

ನೀರು ಹಚ್ಚುವುದೂ ಒಂದು ಹದ. ಸ್ಪಂಜಿನಿಂದ ಎರಡೂ ಕಡೆ ಒರೆಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಾತ್ರಿ ಇಡಿ. ಬೆಳಿಗ್ಗೆ ತೆಗೆದಾಗ ಮೊದಲಿನ ಬಣ್ಣಕ್ಕೆ ಬರುತ್ತಿರಬೇಕು, ಆದರೆ ಕೆನ್ನೆಗೆ ಹಚ್ಚಿದರೆ ತಣ್ಣಗೆ ಅನಿಸಬೇಕು. ನಿಮ್ಮ ಬಳ್ಳಾರಿ ಬೇಸಿಗೆಯಲ್ಲಿ ಫ್ಯಾನ್ ಕೆಳಗೆ ಕೆಲಸ ಮಾಡಿದರೆ ಹದ ಬೇಗ ಹೋಗುತ್ತದೆ, ಒಂದೊಂದೇ ತುಂಡು ಹೊರಗೆ ತೆಗೆಯಿರಿ. ಒತ್ತಿ ಒಂದು ನಿಮಿಷ ಬಿಡಿ. ಪ್ರೆಸ್ಸಿನ ಜಾಕ್ ಹಳೆಯದಾದರೆ ಒತ್ತಡ ಇಳಿಯುತ್ತಿರುತ್ತದೆ, ನಡುವೆ ಇನ್ನೊಂದು ಹಿಡಿ ಹೊಡೆಯಿರಿ.

ಇನ್ನೊಂದು. ಒದ್ದೆ ವೆಜ್ ಟ್ಯಾನಿಗೆ ಬರಿ ಕಬ್ಬಿಣ ತಾಗಬಾರದು. ಚಕ್ಕೆಯ ಒಗರು ಮತ್ತು ಕಬ್ಬಿಣ ಸೇರಿದರೆ ನೀಲಿ ಕಪ್ಪು ಕಲೆ. ತೊಳೆದರೆ ಹೋಗಲ್ಲ. ನಡುವೆ ಪ್ಲಾಸ್ಟಿಕ್ ಹಾಳೆ ಹಾಕಿ. ಅಕ್ಷರದ ಡೈ ಹಿತ್ತಾಳೆಯದ್ದಾಗಿರಲಿ.

ಪ್ಯಾಚನ್ನು ಪ್ಯಾಂಟಿನ ವಾಷಿಂಗ್ ಆದ ಮೇಲೆ ಹೊಲಿಯಿರಿ. ವಾಷಿಂಗ್ ಯೂನಿಟ್ಟಿನ ಬಿಸಿನೀರಿಗೆ ಹೋದ ತೊಗಲು ಸುಕ್ಕುಗಟ್ಟಿ ಹೊರಬರುತ್ತದೆ, ಬಣ್ಣ ಬೇರೆ ಬಿಡುತ್ತದೆ.

ಇನ್ನೊಬ್ಬರು, ಬಳ್ಳಾರಿಯಿಂದ: ಇಷ್ಟೆಲ್ಲ ಯಾಕೆ? ಹಳೇ ಫ್ಲೈ ಪ್ರೆಸ್ (ಕೈಯಲ್ಲಿ ತಿರುಗಿಸುವ ತಿರುಪಿನ ಪ್ರೆಸ್) ತಗೊಳ್ಳಿ. ಒಂದು ಸುತ್ತು ತಿರುಗಿಸಿದರೆ ಮುಗೀತು.

ಉತ್ತರ: ಕತ್ತರಿಸುವುದಕ್ಕೆ ನಿಮ್ಮ ಮಾತು ಸರಿ. ಚಿಕ್ಕ ಪ್ಯಾಚಿಗೆ ಫ್ಲೈ ಪ್ರೆಸ್ ಬೇಗ ಆಗುತ್ತದೆ. ಆದರೆ ಅದು ಏಟು ಹೊಡೆಯುವ ಯಂತ್ರ, ಹಿಡಿದಿಡುವುದಿಲ್ಲ. ಅಕ್ಷರ ಆಳವಾಗಿ ಬೇಕಾದರೆ ಹೈಡ್ರಾಲಿಕ್ಕೇ ಮೇಲು. ದಿನಕ್ಕೆ ನೂರಾರು ತುಂಡು ಬೇಕಾದವರು ಎರಡನ್ನೂ ಬಿಟ್ಟು ತೊಗಲು ಕತ್ತರಿಸಲೆಂದೇ ಇರುವ ಕ್ಲಿಕ್ಕಿಂಗ್ ಪ್ರೆಸ್ ನೋಡಲಿ. 50 ಟನ್ ತಂದು ಮೂಲೆಯಲ್ಲಿ ಮೆರೆಸುವವರನ್ನೂ ಕಂಡಿದ್ದೇನೆ, ಅವರ ಪ್ಯಾಚೂ ಅಂಚಿನಲ್ಲಿ ಮೂಡಲ್ಲ.

ಪ್ರಶ್ನೆ, ರಾಯಚೂರಿನಿಂದ: ಸರ್, ನಾನು ಚಪ್ಪಲಿ ಮಾಡುತ್ತೇನೆ. 5 ಎಂ.ಎಂ. ಅಟ್ಟೆಯನ್ನು ರಂಪಿಗೆಯಲ್ಲಿ ಕೊಯ್ದು ಕೈ ಹೋಗಿದೆ. ನನ್ನ ಹತ್ತಿರ 12 ಟನ್ ಪ್ರೆಸ್ ಇದೆ, ಆಗುತ್ತಾ?

ಉತ್ತರ: ಆಗುತ್ತದೆ, ಆದರೆ ಒಂದೇ ಸಲಕ್ಕೆ ಅಲ್ಲ. ಅಟ್ಟೆಯ ಡೈ ಉದ್ದ. ರ‍್ಯಾಮ್ ನಡುವೆ ಒತ್ತಿದರೆ ಹೆಬ್ಬೆರಳ ಕಡೆ, ಹಿಮ್ಮಡಿ ಕಡೆ ಉಳಿದುಬಿಡುತ್ತದೆ. ಮೊದಲು ನಡುವೆ ಒತ್ತಿ ಬ್ಲೇಡ್ ಕಚ್ಚಿಸಿ. ಆಮೇಲೆ ಪೂರ್ತಿ ಸಡಿಲಿಸಿ, ಪ್ಲೇಟ್ ಸಮೇತ ಸರಿಸಿ ಹಿಮ್ಮಡಿ ರ‍್ಯಾಮಿನ ಕೆಳಗೆ ಬರಲಿ, ಒತ್ತಿ. ಹಾಗೆಯೇ ಮುಂಭಾಗ. ಒತ್ತಡ ಇರುವಾಗ ಕೈ ಹಾಕಿ ಸರಿಸಬೇಡಿ. ಡೈ ಮಾಡಿಸುವಾಗ ತೊಗಲಿಗೆ ಬಳಸುವ 32 ಎಂ.ಎಂ. ಎತ್ತರದ ಬ್ಲೇಡ್ ಕೇಳಿ. ರಟ್ಟಿನ ಡಬ್ಬಿಗೆ ಬಳಸುವ ಗಿಡ್ಡ ಬ್ಲೇಡ್ ದಪ್ಪ ಅಟ್ಟೆಗೆ ಬಾಗುತ್ತದೆ. ರಂಪಿಗೆ ಎಸೆಯಬೇಡಿ, ಅಂಚು ಸವರಲಿಕ್ಕೆ ಬೇಕೇ ಬೇಕು.

ಮೊದಲ ಪ್ರಶ್ನೆಗಾರರು: ಅಣ್ಣಾರೆ, ಕೊನೆಗೆ ಒಂದು. ಹೆಸರು ಕನ್ನಡದಲ್ಲೇ ಬೇಕು. ಹಿತ್ತಾಳೆ ಡೈ ಮಾಡಿಸುವ ಮುಂಚೆ ನೋಡಬೇಕಾದ್ದು ಏನಾದರೂ ಇದೆಯಾ?

ಉತ್ತರ: ಇದೆ. ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವಿ ಕೆತ್ತಬೇಕು. ಕನ್ನಡದ ಒತ್ತಕ್ಷರದ ಸಂದಿ ತುಂಬಾ ಇಕ್ಕಟ್ಟು. ತೊಗಲು ಅದರೊಳಗೆ ಇಳಿಯದೆ ಮುದ್ದೆ ಆಗುತ್ತದೆ. ಆದ್ದರಿಂದ ದಪ್ಪ ಫಾಂಟ್ ಬಿಟ್ಟು ಸಂದಿ ಅಗಲ ಇರುವುದನ್ನು ಆರಿಸಿ. ಕೆತ್ತನೆಯ ಆಳ ಒಂದೂವರೆ ಎಂ.ಎಂ. ಇರಲಿ. ಮೊದಲು ತ್ರೀಡಿ ಪ್ರಿಂಟ್ ಮಾಡಿದ ಪ್ಲಾಸ್ಟಿಕ್ ಅಚ್ಚಿನಲ್ಲಿ ಒತ್ತಿ ನೋಡಿ, ಕಡಿಮೆ ಒತ್ತಡಕ್ಕೆ ಅದು ತಡೆಯುತ್ತದೆ. ಸಂದಿ ಸರಿಯಾಗಿ ಬಂದಿದ್ದು ಕಂಡ ಮೇಲೆ ಹಿತ್ತಾಳೆಗೆ ದುಡ್ಡು ಹಾಕಿ.