ಎಲೆಕ್ಟ್ರಾನ್ ಬಸವನಹುಳುವಿಗಿಂತ ನಿಧಾನವಂತೆ, ಮತ್ತೆ ಸ್ವಿಚ್ ಹಾಕಿದ ಕೂಡಲೇ ಬಲ್ಬ್ ಉರಿಯೋದು ಹೇಗೆ?

ಅರೆಬರೆ_ಅಪ್ಪ:
ಎಲ್ಲರಿಗೂ ನಮಸ್ಕಾರ. ಮಗಳು ಏಳನೇ ಕ್ಲಾಸು. ನಿನ್ನೆ ಸುಮ್ನೆ ಕೂತಿದ್ದವನ ಹತ್ತಿರ ಬಂದು, "ಅಪ್ಪಾ, ಕರೆಂಟೆಲ್ಲ ಬಲ್ಬಿನಲ್ಲೇ ಖರ್ಚಾಗುತ್ತೆ ಅಂದ್ರೆ ಎರಡನೇ ವೈರ್ ಯಾಕೆ ಬೇಕು?" ಅಂತ ಕೇಳಿದಳು. ನಾನು ಓದಿದ್ದು ಕಾಮರ್ಸ್. ಏನೋ ಹೇಳಿ ತಪ್ಪಿಸಿಕೊಂಡೆ, ಆಮೇಲೆ ನಾಚಿಕೆಯಾಗಿ ರಾತ್ರಿ ಕೂತು ಹುಡುಕಿ ಓದಿದೆ. ಗೊಂದಲ ಇನ್ನೂ ಜಾಸ್ತಿಯಾಯಿತು. ವೈರಿನೊಳಗೆ ಎಲೆಕ್ಟ್ರಾನ್‌ಗಳು ಬಸವನಹುಳುವಿಗಿಂತ ನಿಧಾನವಾಗಿ ಹೋಗುತ್ತವೆ ಅಂತ ಒಂದು ಕಡೆ ಇದೆ. ಹಾಗಾದರೆ ಬಲ್ಬ್ ತಕ್ಷಣ ಹೇಗೆ ಉರಿಯುತ್ತದೆ? ಇನ್ನೊಂದು ಕಡೆ ಕರೆಂಟ್ ಖರ್ಚೇ ಆಗುವುದಿಲ್ಲ ಅಂತ ಇದೆ. ಮತ್ತೆ ಮೀಟರ್ ಎಣಿಸುವುದು ಏನನ್ನು? ದಯವಿಟ್ಟು ಸೂತ್ರ ಬೇಡ, ಬಿಡಿಸಿ ಹೇಳಿ.

ಚಾಕ್‌ಪೀಸ್:
ಮಗಳ ಪ್ರಶ್ನೆ ಸರಿಯಾಗಿದೆ ಸರ್, ತುಂಬಾ ಜನ ದೊಡ್ಡವರಿಗೂ ಇದು ಹೊಳೆಯುವುದಿಲ್ಲ.

ನಮ್ಮ ತಲೆಯಲ್ಲಿ ವೈರ್ ಅಂದರೆ ಖಾಲಿ ಪೈಪು, ಸ್ವಿಚ್ ಹಾಕಿದ ಮೇಲೆ ಎಲೆಕ್ಟ್ರಾನ್‌ಗಳು ಎಲ್ಲಿಂದಲೋ ಓಡಿಬಂದು ಬಲ್ಬ್ ಮುಟ್ಟುತ್ತವೆ ಅಂತ ಇರುತ್ತದೆ. ಹಾಗಲ್ಲ. ತಾಮ್ರದ ವೈರು ಮೊದಲಿಂದಲೇ ಭರ್ತಿ. ತಾಮ್ರದ ಪ್ರತಿ ಪರಮಾಣುವೂ ಸುಮಾರಾಗಿ ಒಂದೊಂದು ಎಲೆಕ್ಟ್ರಾನನ್ನು ಬಿಟ್ಟುಕೊಟ್ಟಿರುತ್ತದೆ, ಅವು ಲೋಹದ ತುಂಬ ಅಡ್ಡಾಡಿಕೊಂಡು ಇರುತ್ತವೆ. ಬಲ್ಬಿನ ತಂತಿಯೊಳಗೂ ಅವು ಆಗಲೇ ಇವೆ. ಸ್ವಿಚ್ ಹಾಕಿದಾಗ ಅವಕ್ಕೆಲ್ಲ ಒಂದೇ ದಿಕ್ಕಿಗೆ ತಳ್ಳು ಸಿಗುತ್ತದೆ, ಅಷ್ಟೇ.

ಸೈಕಲ್ ಚೈನ್ ನೆನಪಿಸಿಕೊಳ್ಳಿ. ಪೆಡಲ್ ತುಳಿದ ಕ್ಷಣ ಹಿಂದಿನ ಚಕ್ರ ತಿರುಗುತ್ತದೆ. ಪೆಡಲ್ ಹತ್ತಿರ ಇದ್ದ ಕೊಂಡಿ ಚಕ್ರದ ತನಕ ಬರಲಿ ಅಂತ ಯಾರೂ ಕಾಯುವುದಿಲ್ಲ, ಅಲ್ವಾ? ಚೈನ್ ನಿಧಾನವಾಗೇ ಹೋಗಲಿ, ತಳ್ಳು ಮಾತ್ರ ಬೇಗ ಹೋಗುತ್ತದೆ. ವೈರಿನಲ್ಲಿ ಆ ತಳ್ಳು ಸೆಕೆಂಡಿಗೆ ಹೆಚ್ಚುಕಮ್ಮಿ 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. ಎಲೆಕ್ಟ್ರಾನ್ ನಡೆಯುವ ವೇಗ ಕೇಳಿದರೆ ನಗು ಬರುತ್ತದೆ. 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ವೈರಿನಲ್ಲಿ 1 ಆಂಪಿಯರ್ ಹರಿಯುತ್ತಿದ್ದರೆ ಒಂದು ಮೀಟರ್ ದಾಟಲು ಮೂರೂಮುಕ್ಕಾಲು ಗಂಟೆ ಬೇಕು! ಇಷ್ಟು ನಿಧಾನ ಇದ್ದರೂ ಕೆಲಸ ನಡೆಯುವುದು ಯಾಕೆ ಅಂದರೆ ಅವು ಲೆಕ್ಕವಿಲ್ಲದಷ್ಟು ಇವೆ. 1 ಆಂಪಿಯರ್ ಅಂದರೆ ವೈರಿನ ಯಾವುದೇ ಒಂದು ಜಾಗವನ್ನು ಸೆಕೆಂಡಿಗೆ 6 ಕೋಟಿ ಕೋಟಿಯಷ್ಟಲ್ಲ, ಅದರ ಹತ್ತು ಸಾವಿರಪಟ್ಟಿಗೂ ಮಿಕ್ಕಿ ಎಲೆಕ್ಟ್ರಾನ್‌ಗಳು ದಾಟುತ್ತಿವೆ ಅಂತ.

ಮನೆಗೆ ಬರುವ ಎಸಿ ಕರೆಂಟಿನಲ್ಲಂತೂ (ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್) ಎಲೆಕ್ಟ್ರಾನ್‌ಗಳು ಎಲ್ಲಿಗೂ ಹೋಗುವುದೇ ಇಲ್ಲ. ಸೆಕೆಂಡಿಗೆ 50 ಸಲ (ಕೆಲವು ದೇಶಗಳಲ್ಲಿ 60) ಹಿಂದಕ್ಕೂ ಮುಂದಕ್ಕೂ ತೂಗುತ್ತವೆ, ಅದೂ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟೂ ಅಲ್ಲ. ಗರಗಸವೂ ಇದ್ದಲ್ಲೇ ಹಿಂದೆ ಮುಂದೆ ಆಡುತ್ತದೆ, ಆದರೂ ಮರ ಕುಯ್ಯುತ್ತದಲ್ಲ?

ಟೆಸ್ಟರ್_ಜೇಬಲ್ಲಿ:
ಚಾಕ್‌ಪೀಸ್ ಸರ್ ಚೆನ್ನಾಗಿ ಹೇಳಿದ್ದಾರೆ. ನಾನು ವೈರಿಂಗ್ ಕೆಲಸದವನು, ನನ್ನ ಕಡೆಯಿಂದ ಒಂದು ಸಾಕ್ಷಿ ಕೊಡುತ್ತೇನೆ.

ಕ್ಲ್ಯಾಂಪ್ ಮೀಟರ್ ಅಂತ ಇರುತ್ತದೆ, ವೈರಿನ ಸುತ್ತ ಕೊಂಡಿ ಹಾಕಿದರೆ ಕರೆಂಟ್ ಎಷ್ಟು ಅಂತ ತೋರಿಸುತ್ತದೆ. ಕೆಲಸ ಕಲಿಯುತ್ತಿದ್ದ ಹೊಸದರಲ್ಲಿ ನಾನು ಫೇಸು (ಕರೆಂಟ್ ತರುವ ವೈರು), ನ್ಯೂಟ್ರಲ್ (ವಾಪಸ್ ಒಯ್ಯುವ ವೈರು) ಎರಡನ್ನೂ ಸೇರಿಸಿ ಕೊಂಡಿ ಹಾಕಿಬಿಟ್ಟೆ. ಮೋಟರ್ ಭರ್ತಿ ಓಡುತ್ತಿದೆ, ಮೀಟರಿನಲ್ಲಿ ಸೊನ್ನೆ! ಮೀಟರ್ ಕೆಟ್ಟಿದೆ ಅಂತ ಬೈದುಕೊಂಡೆ, ನಮ್ಮ ಮೇಸ್ತ್ರಿ ನಕ್ಕೇ ನಕ್ಕರು. ಹೋಗುವುದು ಎಷ್ಟೋ ಬರುವುದೂ ಅಷ್ಟೇ, ಎರಡೂ ಒಂದಕ್ಕೊಂದು ಹೊಡೆದುಹೋಗುತ್ತವೆ. ಮೋಟರ್ ಸ್ವಲ್ಪವಾದರೂ ಕರೆಂಟ್ ತಿಂದಿದ್ದರೆ ಆ ಸೊನ್ನೆ ಬರುತ್ತಿರಲಿಲ್ಲ. ಬೋರ್ಡಿನಲ್ಲಿ ಹಾಕುವ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಕೆಲಸ ಮಾಡುವುದೂ ಇದೇ ಲೆಕ್ಕದ ಮೇಲೆ. ಹೋದದ್ದಕ್ಕೂ ಬಂದದ್ದಕ್ಕೂ 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ, ಯಾರದೋ ಮೈಮೇಲೆ ನೆಲಕ್ಕೆ ಹೋಗುತ್ತಿರಬಹುದು ಅಂತ ಟಕ್ಕನೆ ಬೀಳುತ್ತದೆ.

ಇನ್ನು ಮನೆಯ ಕರೆಂಟ್ ಮೀಟರ್ ಎಣಿಸುವುದು ಎಲೆಕ್ಟ್ರಾನ್ ಅಲ್ಲ, ಶಕ್ತಿ. ಸಾವಿರ ವ್ಯಾಟಿನ ಹೀಟರ್ ಒಂದು ಗಂಟೆ ಓಡಿದರೆ 1 ಯೂನಿಟ್. ಚೈನ್ ಸವೆಯುವುದಿಲ್ಲ, ತುಳಿಯುವವನಿಗೆ ಸುಸ್ತಾಗುತ್ತದೆ. ಆ ಸುಸ್ತಿನ ಲೆಕ್ಕವೇ ಯೂನಿಟ್ ಅಂದುಕೊಳ್ಳಿ.

ಅರೆಬರೆ_ಅಪ್ಪ:
ಆಹಾ, ಸುಸ್ತಿನ ಲೆಕ್ಕ! ಇದು ಮಗಳಿಗೆ ಖಂಡಿತ ಅರ್ಥವಾಗುತ್ತದೆ. ಆದರೆ ಇನ್ನೊಂದು ಸಿಕ್ಕು. ಎರಡೂ ವೈರಿನಲ್ಲಿ ಒಂದೇ ಕರೆಂಟ್ ಅಂದರೆ ಫೇಸ್ ಮುಟ್ಟಿದರೆ ಮಾತ್ರ ಶಾಕ್, ನ್ಯೂಟ್ರಲ್ ಮುಟ್ಟಿದರೆ ಇಲ್ಲ ಅನ್ನುವುದು ಯಾಕೆ? ಮತ್ತೆ ವೈರೂ ಬಲ್ಬಿನ ತಂತಿಯೂ ಒಂದೇ ಕರೆಂಟಿನವು, ಬಲ್ಬ್ ಮಾತ್ರ ಯಾಕೆ ಬೆಳಗಬೇಕು?

ಟೆಸ್ಟರ್_ಜೇಬಲ್ಲಿ:
ಮೊದಲು ಒಂದು ಮಾತು: ನ್ಯೂಟ್ರಲ್ ಮುಟ್ಟಬಹುದು ಅಂತ ದಯವಿಟ್ಟು ಮಗುವಿಗೆ ಹೇಳಬೇಡಿ!

ಕರೆಂಟ್ ಎಷ್ಟು ಹರಿಯುತ್ತಿದೆ ಅನ್ನುವುದು ಬೇರೆ, ಎರಡು ಜಾಗಗಳ ನಡುವೆ ತಳ್ಳು ಎಷ್ಟಿದೆ ಅನ್ನುವುದು ಬೇರೆ. ಆ ತಳ್ಳೇ ವೋಲ್ಟೇಜ್. ವೋಲ್ಟೇಜ್ ಯಾವಾಗಲೂ ಎರಡು ಜಾಗಗಳ ನಡುವಿನ ವ್ಯತ್ಯಾಸ, ಒಂದೇ ಜಾಗಕ್ಕೆ ಅಂತ ಇಲ್ಲ. ಹಕ್ಕಿ ಒಂದೇ ತಂತಿಯ ಮೇಲೆ ಎರಡೂ ಕಾಲಿಟ್ಟು ಕೂರುತ್ತದೆ, ಕಾಲುಗಳ ನಡುವೆ ವ್ಯತ್ಯಾಸವೇ ಇಲ್ಲ, ಹಾಯಾಗಿರುತ್ತದೆ. ನಾವು ನೆಲದ ಮೇಲೆ ನಿಂತಿರುತ್ತೇವೆ. ನ್ಯೂಟ್ರಲನ್ನು ಟ್ರಾನ್ಸ್‌ಫಾರ್ಮರ್ ಹತ್ತಿರ ನೆಲಕ್ಕೇ ಕಟ್ಟಿರುತ್ತಾರೆ, ಹಾಗಾಗಿ ನಮಗೂ ಅದಕ್ಕೂ ವ್ಯತ್ಯಾಸ ಕಮ್ಮಿ. ಫೇಸಿಗೂ ನಮಗೂ ಪೂರ್ತಿ 230 ವೋಲ್ಟ್. ಆದರೆ ನ್ಯೂಟ್ರಲ್ ಎಲ್ಲೋ ಕಟ್ಟಾಗಿದ್ದರೆ ಬಲ್ಬಿನ ಮೂಲಕ ಹಾದು ಆ ವೈರಿಗೂ ಅಷ್ಟೇ ವೋಲ್ಟೇಜ್ ಬಂದು ಕೂತಿರುತ್ತದೆ. ನೋಡಿದರೆ ಬಲ್ಬ್ ಆರಿದೆ, ಮುಟ್ಟಿದರೆ ಹೊಡೆಯುತ್ತದೆ.

ಬಲ್ಬಿನ ವಿಷಯ: ಹಳೇ ಕಾಲದ ಬಲ್ಬಿನ ಟಂಗ್‌ಸ್ಟನ್ ತಂತಿ ಕೂದಲಿಗಿಂತ ಸಣ್ಣ. ಅಲ್ಲಿ ಎಲೆಕ್ಟ್ರಾನ್‌ಗಳಿಗೆ ತಡೆ ಜಾಸ್ತಿ, ಗುದ್ದಾಟ ಜಾಸ್ತಿ, ಬಿಸಿಯೂ ಜಾಸ್ತಿ. ದಪ್ಪ ವೈರಿನಲ್ಲಿ ತಡೆ ಇಲ್ಲವೇ ಇಲ್ಲ ಅನ್ನುವಷ್ಟು. ಲೂಸ್ ಕನೆಕ್ಷನ್ ಇರುವಲ್ಲಿ ಪ್ಲಗ್ಗು ಸುಟ್ಟು ಕಪ್ಪಾಗುವುದೂ ಇದೇ ಕಾರಣಕ್ಕೆ, ಸಣ್ಣ ಜಾಗದಲ್ಲಿ ತಡೆ ಜಾಸ್ತಿಯಾಗಿರುತ್ತದೆ.

ಸುರುಳಿ:
ತಡವಾಗಿ ಬಂದೆ. ಚೈನಿನ ಹೋಲಿಕೆ ಚೆನ್ನಾಗಿದೆ, ಆದರೆ ಅದನ್ನೇ ನಿಜ ಅಂದುಕೊಂಡರೆ ಒಂದು ಕಡೆ ಎಡವುತ್ತೀರಿ. ಟ್ರಾನ್ಸ್‌ಫಾರ್ಮರ್ ನೋಡಿ. ಎರಡು ಸುರುಳಿ, ನಡುವೆ ತಾಮ್ರದ ಸಂಪರ್ಕವೇ ಇಲ್ಲ. ಈ ಕಡೆಯ ಒಂದು ಎಲೆಕ್ಟ್ರಾನೂ ಆ ಕಡೆ ಹೋಗುವುದಿಲ್ಲ, ಶಕ್ತಿ ಮಾತ್ರ ದಾಟುತ್ತದೆ. ಅಂದರೆ ಚೈನ್ ಕತ್ತರಿಸಿದ್ದರೂ ಚಕ್ರ ತಿರುಗಿದಂತೆ! ಬದಲಾಗುತ್ತಿರುವ ಕಾಂತಕ್ಷೇತ್ರ ಪಕ್ಕದ ಸುರುಳಿಯಲ್ಲಿ ಕರೆಂಟ್ ಹುಟ್ಟಿಸುತ್ತದೆ ಅಂತ 1831ರಲ್ಲಿ ಮೈಕೇಲ್ ಫ್ಯಾರಡೆ ತೋರಿಸಿದ್ದು ಇದನ್ನೇ. 1884ರಲ್ಲಿ ಪಾಯಿಂಟಿಂಗ್ ಅನ್ನುವ ಭೌತವಿಜ್ಞಾನಿ ಲೆಕ್ಕ ಹಾಕಿ, ಶಕ್ತಿ ಸಾಗುವುದು ವೈರಿನ ಹೊಟ್ಟೆಯೊಳಗಲ್ಲ, ವೈರಿನ ಸುತ್ತ ಇರುವ ವಿದ್ಯುತ್ ಮತ್ತು ಕಾಂತಕ್ಷೇತ್ರಗಳಲ್ಲಿ ಅಂದರು. ವೈರು ಅದಕ್ಕೆ ದಾರಿ ತೋರಿಸುತ್ತದೆ.

ಒಂದೇ ದಿಕ್ಕಿಗೆ ಹರಿಯುವ ಡಿಸಿ ಕರೆಂಟಿನ ಎದುರು ಎಸಿ ಗೆದ್ದದ್ದೂ ಟ್ರಾನ್ಸ್‌ಫಾರ್ಮರಿನಿಂದಲೇ. ವೋಲ್ಟೇಜ್ 10 ಪಟ್ಟು ಏರಿಸಿದರೆ ಅಷ್ಟೇ ಶಕ್ತಿ ಸಾಗಿಸಲು ಕರೆಂಟ್ 10ರಲ್ಲೊಂದು ಪಾಲು ಸಾಕು, ದಾರಿಯಲ್ಲಿ ಬಿಸಿಯಾಗಿ ಹೋಗುವ ನಷ್ಟ 100ರಲ್ಲೊಂದು ಪಾಲಿಗೆ ಇಳಿಯುತ್ತದೆ.

ಚಾಕ್‌ಪೀಸ್:
ಒಪ್ಪಿದೆ. ಏಳನೇ ಕ್ಲಾಸಿಗೆ ಚೈನ್ ಸಾಕು, ಹನ್ನೆರಡಕ್ಕೆ ಬಂದ ಮೇಲೆ ನಿಮ್ಮ ಹತ್ತಿರ ಕಳಿಸೋಣ.

ಅರೆಬರೆ_ಅಪ್ಪ:
ಮಗಳಿಗೆ ಎಲ್ಲ ಹೇಳಿದೆ. ಸೈಕಲ್ ತಲೆಕೆಳಗು ಮಾಡಿ ಪೆಡಲ್ ತಿರುಗಿಸಿ ನೋಡಿದ್ದೂ ಆಯಿತು. ಈಗ ಹೊಸ ಪ್ರಶ್ನೆ: "ಎಲೆಕ್ಟ್ರಾನ್ ವೈರಿನಲ್ಲೇ ಇರುತ್ತೆ ಅಂದ್ರೆ, ಕರೆಂಟ್ ಹೋಯ್ತು ಅಂತೀವಲ್ಲ, ಆಗ ಹೋಗಿದ್ದು ಏನು?"

ಟೆಸ್ಟರ್_ಜೇಬಲ್ಲಿ:
ತುಳಿಯುವವನು ಕಾಲು ತೆಗೆದ ಅಂತ ಹೇಳಿ.