ಅಪ್‌ಡೇಟ್: ಸೆಂಡೈ ಮದುವೆಯಲ್ಲಿ ಕೊನೆಗೆ ಹಾಡಿದ್ದು ಯಾವ ಹಾಡು

ಜಪಾನಿ ಸಹೋದ್ಯೋಗಿಯ ಮದುವೆ ಔತಣದಲ್ಲಿ ಹಾಡೋಕೆ ಯಾವ ಹಳೇ ಹಾಡು ಒಳ್ಳೇದು ಅಂತ ಕೇಳಿದ್ದೆನಲ್ಲ, ‘ಸನ್ಸಾ ಶಿಗುರೆ’ ಅಂದವರಿಗೆ ದೊಡ್ಡ ನಮಸ್ಕಾರ! ಅದು ಸೆಂಡೈ ಇರುವ ಮಿಯಾಗಿ ಪ್ರಾಂತ್ಯದ್ದೇ ಶುಭಕಾರ್ಯದ ಜಾನಪದ ಗೀತೆ. ಶಾಮಿಸೆನ್ (ಮೂರು ತಂತಿಯ ಜಪಾನಿ ವಾದ್ಯ) ಇಲ್ಲದಿದ್ದರೂ ನಡೆಯುತ್ತೆ, ಚಪ್ಪಾಳೆ ಸಾಕು. ಮೊದಲ ಸಾಲಿಗೇ ವರನ ಅಜ್ಜಿ ತಾಳ ಹಾಕುತ್ತಾ ದನಿಗೂಡಿಸಿದರು, ಆಮೇಲೆ ಅವರ ಇಡೀ ಮೇಜೇ ಹಾಡಿತು.

ಎಂಕಾ, ಅಂದರೆ ಜಪಾನಿನ ಭಾವುಕ ಜನಪ್ರಿಯ ಗೀತೆ ಹಾಡಿ ಅನ್ನೋ ಸಲಹೆ ಕೈಬಿಟ್ಟೆ. ಅದರಲ್ಲಿ ಬಹುಪಾಲು ವಿರಹ, ಕಣ್ಣೀರು. ಅಲ್ಲಿನ ಮದುವೆಗಳಲ್ಲಿ ಕಡಿಯೋದು, ಅಗಲೋದು ಅನ್ನೋ ಅರ್ಥದ ಮಾತುಗಳನ್ನೇ ಆಡಬಾರದಂತೆ, ಇದು ನನಗೆ ಹೊಸ ವಿಷಯ.

‘ನಗಮೋಚಿ ಉತಾ’ ಮಾತ್ರ ಮನಸ್ಸಿಗೆ ತುಂಬಾ ಹಿಡಿಸಿತ್ತು. ವಧುವಿನ ಪೆಟ್ಟಿಗೆ ಹೊತ್ತು ಸಾಗುವಾಗಿನ ಹಾಡು, ಥೇಟ್ ನಮ್ಮ ಹೆಣ್ಣೊಪ್ಪಿಸುವ ಹಾಡಿನ ಹಾಗೆ. ಆದರೆ ಆ ಉದ್ದುದ್ದ ಎಳೆತ, ಗಮಕ ಕಲಿಯೋಕೆ ವರ್ಷಗಳೇ ಬೇಕು. ಇನ್ನು ನೋಹ್ ಅನ್ನೋ ಜಪಾನಿನ ಸಾಂಪ್ರದಾಯಿಕ ನಾಟಕದ, ಮದುವೆಗಳಲ್ಲಿ ಹಾಡುವ ‘ತಕಸಾಗೊ’ವನ್ನು ವರನ ಸೋದರಮಾವನೇ ಹಾಡಿದರು.